ಹದಿನಾಲ್ಕು ಟೈಲ್ಸಿಗೆ ಹದಿನೆಂಟು ಸಾವಿರ

ಹೊಸದಾಗಿ ಮನೆ ಕಟ್ಟಿಸಿದ ಯಾರನ್ನಾದ್ರೂ ಮಾತಾಡಿಸಿ ನೋಡಿ. ಗೃಹಪ್ರವೇಶದ ಹೋಳಿಗೆ ಇನ್ನೂ ಎಲೆ ಮೇಲಿರುವಾಗಲೇ ಕಥೆ ಶುರುವಾಗುತ್ತೆ. ಗೌಂಡಿ ಹೆಂಗೆ ಕೈ ಕೊಟ್ಟ, ಪ್ಲಂಬರ್ ಹೆಂಗೆ ನಾಮ ಹಾಕಿದ, ಪೇಂಟರ್ ಅಡ್ವಾನ್ಸ್ ತಗೊಂಡು ಹಬ್ಬಕ್ಕೆ ಊರಿಗೆ ಹೋದವನು ಹೆಂಗೆ ತಿರುಗಿ ಬರಲೇ ಇಲ್ಲ. ಕಥೆಯ ಕೊನೆಗೆ ಹೀರೋ ಮಾತ್ರ ಮನೆ ಯಜಮಾನನೇ. "ನಾನೂ ಬಿಡ್ಲಿಲ್ಲ, ಕೊನೇ ಪೇಮೆಂಟ್ ಹಿಡ್ಕೊಂಡೆ" ಅಂತಾನೆ. ಸುತ್ತ ಊಟಕ್ಕೆ ಕೂತವರೆಲ್ಲ ತಲೆ ಆಡಿಸ್ತಾರೆ. ಭೇಷ್, ಹಂಗೇ ಮಾಡ್ಬೇಕು.

ನನ್ನ ತಕರಾರು ಇರೋದು ಈ ಭೇಷ್ ಬಗ್ಗೆ.

ಕೆಲಸ ಕೆಟ್ಟರೂ ಬಾಯಿ ಮುಚ್ಚಿಕೊಂಡು ಪೂರ್ತಿ ದುಡ್ಡು ಕೊಟ್ಟು ಕಳಿಸಿ ಅಂತ ನಾನು ಹೇಳ್ತಿಲ್ಲ. ಕೆಟ್ಟಿದ್ದು ಎಷ್ಟು ಅಂತ ಲೆಕ್ಕ ಹಾಕದೆ, ಬಾಕಿ ಎಷ್ಟಿದೆಯೋ ಅಷ್ಟನ್ನೂ ಹಿಡಿದಿಟ್ಟುಕೊಂಡು ಅದಕ್ಕೆ ನೆಗೋಶಿಯೇಶನ್ ಅಂತ ಹೆಸರಿಡಬೇಡಿ ಅಂತಿದ್ದೀನಿ. ಅದಕ್ಕೆ ನಮ್ಮ ಕಡೆ ಹಳೇ ಹೆಸರೇ ಇದೆ: ಕೂಲಿ ತಿನ್ನೋದು.

ಒಂದು ಉದಾಹರಣೆ ಕೊಡ್ತೀನಿ. ಬಳ್ಳಾರಿಯ ಸತ್ಯನಾರಾಯಣಪೇಟೆ, ಊರವರ ಬಾಯಲ್ಲಿ ಎಸ್ಸೆನ್ ಪೇಟೆ. ಅಲ್ಲಿ ನಮ್ಮ ಪರಿಚಯದ ಮೇಷ್ಟ್ರೊಬ್ಬರು ರಿಟೈರ್ ಆದಮೇಲೆ ಹಳೇ ಮನೆ ಮೇಲೆ ಒಂದು ಮಹಡಿ ಎತ್ತಿಸಿದರು. ಮಗ ಬೆಂಗಳೂರಲ್ಲಿ, ನಮ್ಮ ನಿಮ್ಮಂಥದ್ದೇ ಕೆಲಸ. ಟೈಲ್ಸ್ ಹಾಕೋಕೆ ಬಂದ ಮೇಸ್ತ್ರಿ ಕುರುಗೋಡು ಕಡೆಯವನು, ಬೆಳಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವನು. ಜೊತೆಗೆ ಇಬ್ಬರು ಆಳು, ಮರಳು ಹೊರೋಕೆ ಒಬ್ಬಾಕೆ. 1,200 ಚದರಡಿ, ಅಡಿಗೆ 28 ರೂಪಾಯಿ ಮಜೂರಿ, ಒಟ್ಟು 33,600. ಕಾಗದ ಪತ್ರ ಏನೂ ಇಲ್ಲ, ಎಲ್ಲ ಬಾಯಿಮಾತು. ವಾರದ ಬಟವಾಡೆಗೆ ಅಂತ ಅಷ್ಟಷ್ಟೇ ಕೊಟ್ಟಿದ್ದು 15,000 ಆಗಿತ್ತು. ಬಾಕಿ 18,600.

ಕೆಲಸ ಮುಗಿದ ಮೇಲೆ ಮೇಷ್ಟ್ರು ಒಂದು ನಾಣ್ಯ ತಗೊಂಡು ಒಂದೊಂದೇ ಟೈಲ್ಸ್ ತಟ್ಟಿ ನೋಡಿದರು. ಹದಿನಾಲ್ಕು ಡಬ್ ಡಬ್ ಅಂದವು, ಅಂದ್ರೆ ಕೆಳಗೆ ಟೊಳ್ಳು. ಬಚ್ಚಲಮನೆಯಲ್ಲಿ ಇಳಿಜಾರು ತಿರುಗಾಮುರುಗಾ. ನೀರು ಜಾಲಿ ಕಡೆ ಹೋಗೋ ಬದಲು ಬಾಗಿಲ ಕಡೆ ಬರುತ್ತೆ. ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆ ಇಲ್ಲಿ ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ನೆಲ ನಿಜವಾಗ್ಲೂ ಡೊಂಕಿತ್ತು. ಮೇಸ್ತ್ರಿ ಅದನ್ನ ಒಪ್ಪಿಕೊಂಡ. "ಹೊಡೆದು ಹೊಸದಾಗಿ ಹಾಕಿಕೊಡ್ತೀನಿ ಸಾರ್. ಆಳುಗಳಿಗೆ ಎರಡು ವಾರದ ಬಟವಾಡೆ ಬಾಕಿ ಐತಿ, ಅದೊಂದಾದ್ರೂ ಕೊಡ್ರಿ" ಅಂದ.

ಮೇಷ್ಟ್ರು ಕರಗ್ತಿದ್ರೇನೋ. ಆದ್ರೆ ಬೆಂಗಳೂರಿಂದ ಮಗ ವಿಡಿಯೋ ಕಾಲ್‌ನಲ್ಲಿ ತೀರ್ಪು ಕೊಟ್ಟ: "ಒಂದು ರೂಪಾಯಿ ಕೊಡಬೇಡಪ್ಪಾ. ಪೇಮೆಂಟ್ ಹೋಲ್ಡ್ ಮಾಡು, ಅವನೇ ದಾರಿಗೆ ಬರ್ತಾನೆ." ಮೇಸ್ತ್ರಿ ನಾಲ್ಕು ಸಲ ಬಂದು ಗೇಟಿನ ಹತ್ತಿರ ನಿಂತು ಹೋದ. ಐದನೇ ಸಲ ಬರಲಿಲ್ಲ, ಫೋನೂ ಎತ್ತಲಿಲ್ಲ. "ನೋಡಿದ್ಯಾ, ಕಳ್ಳ" ಅಂದರು. ಬೇರೆಯವನನ್ನ ಕರೆಸಿ ರಿಪೇರಿ ಮಾಡಿಸಿದರು. 18,600 ಮನೆಯಲ್ಲೇ ಉಳಿಯಿತು.

ಈಗ ಯಾರೂ ಹಾಕದ ಲೆಕ್ಕ ಹಾಕೋಣ. ಎರಡಡಿಗೆ ಎರಡಡಿಯ ಹದಿನಾಲ್ಕು ಟೈಲ್ಸ್ ಅಂದ್ರೆ 56 ಚದರಡಿ. ನಾಲ್ಕು ಬಾಕ್ಸ್ ಹೊಸ ಟೈಲ್ಸಿಗೆ 3,520. ಹೊಡೆದು ತೆಗೆದು ಮತ್ತೆ ಹಾಕೋಕೆ ಎರಡನೇ ಮೇಸ್ತ್ರಿ ತಗೊಂಡಿದ್ದು ಅಡಿಗೆ 40ರಂತೆ 2,240. ಎರಡು ಚೀಲ ಅಡೆಸಿವ್ 900. ಬಚ್ಚಲಮನೆ ಗುತ್ತಿಗೆ 4,000. ಎಲ್ಲ ಕೂಡಿಸಿದ್ರೆ 10,660. ಪೂರ್ತಿ ತಪ್ಪು ಮೊದಲನೆಯವನದೇ ಅಂತ ಇಟ್ಟುಕೊಂಡರೂ ಅವನಿಗೆ ಇನ್ನೂ 7,940 ರೂಪಾಯಿ ಬರಬೇಕು. ಈ 7,940 ಯಾವ ಟೈಲ್ಸಿನ ಕೆಳಗೂ ಟೊಳ್ಳಾಗಿರಲಿಲ್ಲ. ಅದು ಸರಿಯಾಗಿ ಹಾಕಿದ ನೆಲದ ಕೂಲಿ. ಮೇಷ್ಟ್ರು ಈಗಲೂ ಅದರ ಮೇಲೆ ಓಡಾಡ್ತಾರೆ. ಆ ದುಡ್ಡಿನಲ್ಲಿ ಮರಳು ಹೊತ್ತ ಹೆಂಗಸಿನ ಎರಡು ವಾರದ ಬಟವಾಡೆಯೂ ಇತ್ತು. ಆಕೆ ಯಾವ ಟೈಲ್ಸನ್ನೂ ವಾರೆ ಹಾಕಿದವಳಲ್ಲ.

ಪೂರ್ತಿ ತಪ್ಪು ಮೇಸ್ತ್ರಿಯದೇ ಅನ್ನೋದೂ ಅಷ್ಟು ಸಲೀಸಲ್ಲ. ಅವು ವಿಟ್ರಿಫೈಡ್ ಟೈಲ್ಸ್. ಶೇಕಡಾ 0.5ರಷ್ಟೂ ನೀರು ಹೀರದ ಜಾತಿ. ಸಿಮೆಂಟ್ ಹಾಲು ಹಿಡಿಯೋದು ಟೈಲ್ಸಿನ ಸಣ್ಣ ಸಣ್ಣ ರಂಧ್ರಗಳಿಗೆ ಇಳಿದು. ಇಲ್ಲಿ ಇಳಿಯೋಕೆ ಜಾಗವೇ ಇಲ್ಲ, ಅದಕ್ಕೇ ಅಡೆಸಿವ್ ಬೇಕು. ಮೇಸ್ತ್ರಿ ಕೇಳಿದ್ದ. "ನಮ್ಮ ಕೆಳಗಿನ ಮನೆಗೆ ಸಿಮೆಂಟಲ್ಲೇ ಹಾಕಿದ್ದು, ಇಪ್ಪತ್ತು ವರ್ಷ ಆಯ್ತು, ಏನಾಗಿದೆ?" ಅಂತ ಮೇಷ್ಟ್ರು ಅಂದರು. ಕೆಳಗಿನದು ಹಳೇ ಕಾಲದ, ನೀರು ಹೀರುವ ಟೈಲ್ಸ್. ರಿಪೇರಿಗೆ ಬಂದ ಎರಡನೆಯವನು ಮೊದಲು ತರಿಸಿದ್ದೇ ಅಡೆಸಿವ್. ಆಗ ಯಾರೂ ಚೌಕಾಸಿ ಮಾಡಲಿಲ್ಲ.

ಇಂಥ ವಿಷಯದಲ್ಲಿ ಬಳ್ಳಾರಿ ಕಡೆ ಗೌಂಡಿಗಳ ಹಣೆಬರಹ ಇನ್ನೂ ಒಂದು ಕೈ ಜಾಸ್ತಿ ಕೆಟ್ಟದ್ದು. ಕಾಂಕ್ರೀಟಿಗೆ ಎಷ್ಟು ದಿನ ನೀರು ಹೊಡೀಬೇಕು ಅಂತ ಐಎಸ್ 456 ಅನ್ನೋ ಭಾರತೀಯ ಮಾನಕದಲ್ಲಿ ಬರೆದಿದೆ. ಸಾಧಾರಣ ಸಿಮೆಂಟಿಗೆ ಕಡಿಮೆ ಅಂದ್ರೂ 7 ದಿನ, ಒಣ ಹವೆಯ ಬಿಸಿಲು ಪ್ರದೇಶದಲ್ಲಿ 10 ದಿನ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಗಿಂತ ಒಣ ಬಿಸಿಲು ಇನ್ನೆಲ್ಲಿದೆ? ನೀರು ಹೊಡೆಯೋ ಕೆಲಸ ಮಾತ್ರ ನಮ್ಮ ಪದ್ಧತಿಯಲ್ಲಿ ಮನೆಯವರದು. ನಲ್ಲಿ ನೀರು ದಿನಾ ಬಾರದ ಊರು. ಟ್ಯಾಂಕರ್ ತರಿಸಿದ್ರೆ ದುಡ್ಡು. ಮೂರನೇ ದಿನಕ್ಕೆ ಪೈಪು ಸುತ್ತಿಟ್ಟು, ಆರನೇ ತಿಂಗಳಿಗೆ ಸ್ಲ್ಯಾಬ್ ಸೀಳಿದಾಗ "ಬೇಲ್ದಾರ ಸಿಮೆಂಟ್ ಕದ್ದ" ಅಂತಾರೆ.

ನಾನು ಬೆಳೆದದ್ದು ಸಿರುಗುಪ್ಪ ಕಡೆಯ ಹಳ್ಳಿಯಲ್ಲಿ, ಎರೆ ನೆಲ. ಮಳೆ ಬಂದ್ರೆ ಉಬ್ಬುತ್ತೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತೆ. ಅದರ ಮೇಲೆ ಸಾಧಾರಣ ಅಡಿಪಾಯ ಹಾಕಿದ ಗೋಡೆ ನೆಲದ ಜೊತೆ ತಾನೂ ಬಿರಿಯುತ್ತೆ. ನಮ್ಮ ಊರಲ್ಲಿ ಗೋಡೆ ಸೀಳಿದ್ರೆ "ನೆಲ ಬಿಟ್ಟೈತಿ" ಅಂತಿದ್ರು. ಅದೇ ಎರೆ ಹೊಲದ ಲೇಔಟಿನಲ್ಲಿ ಸೈಟ್ ತಗೊಂಡು, ಮಣ್ಣು ಪರೀಕ್ಷೆ ಮಾಡಿಸದೆ, ಎಂಜಿನಿಯರ್ ಫೀಸು ಉಳಿಸಿ ಕಟ್ಟಿಸಿದವರು ಗೋಡೆ ಸೀಳಿದ್ರೆ ಗೌಂಡಿಯ ಹೆಸರು ಹೇಳ್ತಾರೆ. ಹಂಗಂತ ಹಳ್ಳಿ ಪದ್ಧತಿ ಚೆಂದಿತ್ತು ಅಂತ ಕಣ್ಣೀರು ಹಾಕೋನೂ ನಾನಲ್ಲ. ಅಲ್ಲಿ ಬಡಗಿಗೆ, ಕಮ್ಮಾರನಿಗೆ ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಆಯ ಅಳೆದು ಕೊಡ್ತಿದ್ರು. ಎಷ್ಟು ಅಳೀಬೇಕು ಅಂತ ಹೇಳೋನು ಅಳೆಯೋನೇ. ಆ ಸೇರು ಈಗ ಮೊಬೈಲಿಗೆ ಬಂದಿದೆ, ಅಷ್ಟೇ ವ್ಯತ್ಯಾಸ.

ಈಗ ಇದೇ ಮಗರಾಯನ ಬೆಂಗಳೂರಿನ ಅವತಾರ ನೋಡೋಣ. ಅಲ್ಲಿ ಅವನು ಫ್ಲ್ಯಾಟ್ ಬುಕ್ ಮಾಡಿದ್ದಾನೆ. ಸ್ಲ್ಯಾಬ್ ಬಿದ್ದಂಗೆಲ್ಲ ಬಿಲ್ಡರ್‌ಗೆ ಕಂತು ಹೋಗುತ್ತೆ, ಕೈಗೆ ಕೀಲಿ ಬರೋ ಹೊತ್ತಿಗೆ ಹೆಚ್ಚುಕಮ್ಮಿ ಪೂರ್ತಿ ದುಡ್ಡು ಹೋಗಿರುತ್ತೆ. ಕಂತು ತಡವಾದ್ರೆ ಬಡ್ಡಿ. ಕರ್ನಾಟಕದ 2017ರ ರೇರಾ ನಿಯಮಗಳಲ್ಲಿ ದರವೂ ಇದೆ, ಸ್ಟೇಟ್ ಬ್ಯಾಂಕಿನ ಸಾಲದ ದರದ ಮೇಲೆ ಶೇಕಡಾ 2. ಒಳಗೆ ಕಾಲಿಟ್ಟ ಮೊದಲ ಮಳೆಗೆ ಬೆಡ್‌ರೂಮ್ ಗೋಡೆ ಒದ್ದೆ. ಏನು ಮಾಡ್ತಾನೆ? ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಲ್ಲಿ ಫೋಟೋ ಹಾಕ್ತಾನೆ. ಟಿಕೆಟ್ ರೈಸ್ ಮಾಡ್ತಾನೆ. ಫಾಲೋಅಪ್ ಮೇಲ್ ಹಾಕ್ತಾನೆ, ಕೊನೆಗೆ 'ರಿಗಾರ್ಡ್ಸ್' ಬೇರೆ. ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಕಟ್ಟಡದ ದೋಷಕ್ಕೆ ಐದು ವರ್ಷ ಬಿಲ್ಡರ್ ಜವಾಬ್ದಾರ, ದೂರು ಕೊಟ್ಟ 30 ದಿನದೊಳಗೆ ಸ್ವಂತ ಖರ್ಚಲ್ಲಿ ಸರಿಮಾಡಬೇಕು. ಅಂದ್ರೆ ಕೋಟಿ ವ್ಯವಹಾರದ ಬಿಲ್ಡರ್‌ಗೆ ತಪ್ಪು ತಿದ್ದಿಕೊಳ್ಳೋಕೆ ಒಂದು ತಿಂಗಳ ಅವಕಾಶವನ್ನ ಕಾನೂನೇ ಕೊಟ್ಟಿದೆ. ಕುರುಗೋಡಿನ ಬಸ್ಸಿಗೆ ಬರುವವನಿಗೆ ಒಂದು ವಿಡಿಯೋ ಕಾಲ್‌ನಷ್ಟೂ ಅವಕಾಶ ಸಿಗಲಿಲ್ಲ. ಬಿಲ್ಡರ್ ದುಡ್ಡು ಹಿಡಿಯೋಕೆ ಇವನಿಂದ ಆಗಲ್ಲ, ಮೇಸ್ತ್ರಿ ದುಡ್ಡು ಹಿಡಿಯೋಕೆ ಆಗುತ್ತೆ. ಇಡೀ ತಂತ್ರ ನಿಂತಿರೋದು ಇದೊಂದರ ಮೇಲೆ.

ನಮ್ಮ ಕೆಲಸದ ಗುಣಮಟ್ಟದ ಬಗ್ಗೆ ನಾನು ಜಾಸ್ತಿ ಬಾಯಿ ಬಿಡಲ್ಲ. ಶುಕ್ರವಾರ ಸಂಜೆ ಹಾಕಿದ ಕೋಡು ಶನಿವಾರ ಬೆಳಗ್ಗೆ ಪ್ರೊಡಕ್ಷನ್ ಬೀಳಿಸುತ್ತೆ. ಕೂತು ಸರಿಮಾಡ್ತೀವಿ, ಎಲ್ಲಿ ಎಡವಿತು ಅಂತ ಡಾಕ್ಯುಮೆಂಟ್ ಬರೀತೀವಿ, ಅದರ ಮೇಲೆ "ಯಾರನ್ನೂ ದೂರಬಾರದು" ಅಂತ ದೊಡ್ಡದಾಗಿ ಹಾಕಿರ್ತೀವಿ. ತಿಂಗಳ ಕೊನೆಗೆ ಸಂಬಳ ಬರುತ್ತೆ. ಹದಿನಾಲ್ಕು ಬಗ್ ಸಿಕ್ಕಿತು ಅಂತ ಯಾವ ಮ್ಯಾನೇಜರೂ ಅರ್ಧ ಸಂಬಳ ಹಿಡಿದಿದ್ದನ್ನ ನಾನು ಕಂಡಿಲ್ಲ. ಹಿಡಿದ್ರೆ ಅವತ್ತೇ ಟ್ವಿಟರ್‌ನಲ್ಲಿ ಟ್ರೆಂಡ್ ಆಗ್ತಿತ್ತು.

ಕೂಲಿ ಹಿಡಿಯೋಕೂ ಒಂದು ರೀತಿನೀತಿ ಇದೆ ಅಂತ ಬ್ರಿಟಿಷರ ಸರ್ಕಾರಕ್ಕೂ ಗೊತ್ತಿತ್ತು. 1936ರ ವೇತನ ಪಾವತಿ ಕಾಯ್ದೆ ಮಾಡಿದ್ದು ಕಾರ್ಖಾನೆ, ರೈಲ್ವೆಯಂಥ ಕಡೆ ಸಂಬಳಕ್ಕಿದ್ದವರಿಗಾಗಿ. ಕೆಲಸಗಾರ ತನಗೆ ಒಪ್ಪಿಸಿದ ಸರಕನ್ನ ನಿರ್ಲಕ್ಷ್ಯದಿಂದ ಹಾಳು ಮಾಡಿದ್ರೆ ಸಂಬಳದಲ್ಲಿ ಕಡಿತ ಮಾಡಬಹುದು, ಆದ್ರೆ ಎರಡು ಷರತ್ತು ಅಂತ ಅದರ 10ನೇ ಸೆಕ್ಷನ್ ಹೇಳ್ತಿತ್ತು. ಆದ ನಷ್ಟಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ. ಅವನ ಮಾತು ಕೇಳದೆ ಹಿಡಿಯುವಂತಿಲ್ಲ. ನಮ್ಮ ಟೈಲ್ಸ್ ಮೇಸ್ತ್ರಿಗೆ ಆ ಕಾಯ್ದೆ ಅನ್ವಯಿಸಲ್ಲ ನಿಜ. ಅವನು ಸಂಬಳದವನಲ್ಲ, ಗುತ್ತಿಗೆಯವನು. ಆದ್ರೆ ಎಸ್ಸೆನ್ ಪೇಟೆ ಲೆಕ್ಕವನ್ನ ಈ ಎರಡು ಷರತ್ತಿನ ಎದುರಿಗೆ ಇಟ್ಟು ನೋಡಿ. ಎರಡರಲ್ಲೂ ಫೇಲು.

ಕಾನೂನಿನ ಮಾತು ಬಂತು. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇದು: ಕೆಟ್ಟ ಕೆಲಸ ಮಾಡಿಸಿಕೊಂಡವನಿಗೆ ಈ ದೇಶದಲ್ಲಿ ದಾರಿ ಇದೆ, ಅದೂ ಸಲೀಸಾದ ದಾರಿ. 1986ರಿಂದ ಗ್ರಾಹಕ ಕಾನೂನಿದೆ, 1993ರ ತಿದ್ದುಪಡಿಯಲ್ಲಿ ಮನೆ ನಿರ್ಮಾಣವೂ 'ಸೇವೆ'ಯ ಪಟ್ಟಿಗೆ ಸೇರಿತು. ಈಗಿರೋದು 2019ರ ಕಾಯ್ದೆ, ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಜಿಲ್ಲಾ ಮಟ್ಟದಲ್ಲಿ ಗ್ರಾಹಕ ಆಯೋಗಗಳಿವೆ, ಬಳ್ಳಾರಿಯಲ್ಲೂ ಇದೆ. ಕೊಟ್ಟ ಹಣ 5 ಲಕ್ಷದೊಳಗಿದ್ರೆ ದೂರಿಗೆ ಒಂದು ಪೈಸೆ ಫೀಸಿಲ್ಲ. ವಕೀಲರಿಲ್ಲದೆ ನೀವೇ ವಾದ ಮಾಡಬಹುದು. ಎರಡು ವರ್ಷದೊಳಗೆ ಹಾಕಬೇಕು, ನೀವು ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ಸಲಹೆ ಕೇಳಬಹುದು.

ಈಗ ಕೂಲಿ ಸಿಗದ ಮೇಸ್ತ್ರಿ ಎಲ್ಲಿಗೆ ಹೋಗಬೇಕು? ಗ್ರಾಹಕ ಆಯೋಗಕ್ಕಾ? ಅವನು ಗ್ರಾಹಕನಲ್ಲ, ಅಲ್ಲಿ ಅವನು ಆರೋಪಿ ಸ್ಥಾನದಲ್ಲಿ ನಿಲ್ಲಬಹುದೇ ಹೊರತು ದೂರು ಕೊಡೋಕೆ ಬರಲ್ಲ. ಕಾರ್ಮಿಕ ಇಲಾಖೆಗಾ? ನೀನು ಯಾರ ನೌಕರ ಅಂತ ಕೇಳ್ತಾರೆ. ಉಳಿದದ್ದು ಸಿವಿಲ್ ಕೋರ್ಟು. 7,940 ರೂಪಾಯಿಗೆ ಕೋರ್ಟ್ ಫೀಸು, ವಕೀಲರ ಫೀಸು, ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಖೋತಾ. ಅದೂ ಬಾಯಿಮಾತಿನ ಕರಾರಿಗೆ ಸಾಕ್ಷಿ ಹುಡುಕಿಕೊಂಡು. ಯಾವ ಹುಚ್ಚ ಹೋಗ್ತಾನೆ? ದುಡ್ಡು ಕೊಡೋನಿಗೆ ಫ್ರೀ ಬಾಗಿಲು, ದುಡಿದೋನಿಗೆ ಗೋಡೆ. ಇಷ್ಟಾದ್ರೂ ದುಡ್ಡು ಕೊಡೋನು ಆ ಫ್ರೀ ಬಾಗಿಲಿಗೂ ಹೋಗಲ್ಲ. ಯಾಕಂದ್ರೆ ಅಲ್ಲಿಗೆ ಹೋದ್ರೆ ಲೆಕ್ಕ ಕೇಳ್ತಾರೆ. ಬಿಲ್ ಎಲ್ಲಿ, ಫೋಟೋ ಎಲ್ಲಿ, ನಷ್ಟ ಎಷ್ಟು, ಸರಿಮಾಡೋಕೆ ಹೇಳಿದ್ರಾ? ಬಾಕಿ ಹಿಡ್ಕೊಂಡ್ರೆ ಇದ್ಯಾವುದೂ ಇಲ್ಲ. ದೂರುದಾರನೂ ನಾನೇ, ಜಡ್ಜೂ ನಾನೇ, ವಸೂಲಿಯೂ ಆಗೋಗಿದೆ.

ಕೆಲವರು ಇನ್ನೂ ಒಂದು ಮೆಟ್ಟಿಲು ಹತ್ತಿ ಪರಿಚಯದ ಪೊಲೀಸರ ಕೈಲಿ ಫೋನ್ ಮಾಡಿಸ್ತಾರೆ. "ಒಂದು ಸಲ ಸ್ಟೇಷನ್‌ಗೆ ಕರೆಸಿದ್ರೆ ಎಲ್ಲ ನೆಟ್ಟಗಾಗ್ತಾನೆ." ಕೊಟ್ಟ ಮಾತಿನಂತೆ ಕೆಲಸ ಮಾಡಲಿಲ್ಲ ಅನ್ನೋದಷ್ಟೇ ವಂಚನೆಯ ಅಪರಾಧ ಆಗಲ್ಲ, ಶುರುವಿನಲ್ಲೇ ಮೋಸದ ಉದ್ದೇಶ ಇರಬೇಕು ಅಂತ ಸುಪ್ರೀಂ ಕೋರ್ಟ್ 2000ದಲ್ಲಿ ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲೇ ಹೇಳಿದೆ. ಬಚ್ಚಲಿನ ಇಳಿಜಾರು ತಪ್ಪಿದ್ದಕ್ಕೆ ಸ್ಟೇಷನ್ ಹತ್ತಿಸೋದು ಕಾನೂನಲ್ಲ, ಪರಿಚಯದ ಜೋರು.

ಸರಿ, ಎದುರು ಮಾತಿಗೆ ಬರ್ತೀನಿ. ಮೋಸ ಮಾಡೋ ಮೇಸ್ತ್ರಿಗಳೇ ಇಲ್ವಾ? ಇದ್ದಾರೆ, ಬೇಕಾದಷ್ಟು. ಮೂರು ಮನೆ ಒಟ್ಟಿಗೆ ಒಪ್ಪಿಕೊಂಡು ಯಾವುದನ್ನೂ ಮುಗಿಸದವರು, ಹತ್ತು ಸಾವಿರ ಅಡ್ವಾನ್ಸ್ ಜೇಬಿಗಿಟ್ಟು ನಂಬರ್ ಬದಲಾಯಿಸಿದವರು, ಗೋಡೆಯೊಳಗೆ ಕಳಪೆ ವೈರ್ ಎಳೆದು ಒಳ್ಳೇ ವೈರಿನ ಬಿಲ್ ತೋರಿಸಿದವರು. ಅವರ ಮೇಲೆ ದೂರು ಹಾಕಿ, ದಯವಿಟ್ಟು ಹಾಕಿ. ಆದ್ರೆ ಒಂದು ವಿಷಯ ಗಮನಿಸಿ. ಅಡ್ವಾನ್ಸ್ ತಿಂದು ಹೋದವನನ್ನ ಕೊನೇ ಪೇಮೆಂಟ್ ಹಿಡಿದು ಏನೂ ಮಾಡೋಕಾಗಲ್ಲ, ಅವನು ಆಗಲೇ ಹೋಗಿಯಾಗಿದೆ. ಬಾಕಿ ಹಿಡಿಯೋದು ನಾಟೋದು ಕೆಲಸ ಮುಗಿಸಿ ಗೇಟಿನ ಹತ್ತಿರ ನಿಂತವನಿಗೆ ಮಾತ್ರ. ಇನ್ನೂ ಒಂದು. ಕೊನೇ ಕಂತು ಸಿಗಲ್ಲ ಅಂತ ಹತ್ತು ಮನೆಯಲ್ಲಿ ಕಲಿತವನು ಹನ್ನೊಂದನೇ ಮನೆಯಲ್ಲಿ ಏನು ಮಾಡ್ತಾನೆ? ಮೊದಲೇ ಜಾಸ್ತಿ ಅಡ್ವಾನ್ಸ್ ಕೇಳ್ತಾನೆ, ಕೊನೇ ಹತ್ತು ಪರ್ಸೆಂಟ್ ಕೆಲಸ ಬಿಟ್ಟು ಹೋಗ್ತಾನೆ. ನೀವು ಬೈಯೋ ಆ ಮೇಸ್ತ್ರಿಯನ್ನ ತಯಾರು ಮಾಡೋದ್ರಲ್ಲಿ ನಿಮ್ಮ ಹಿಂದಿನ ಮನೆಯವರ ಭೇಷ್‌ಗೂ ಪಾಲಿದೆ.

ಹಂಗಾದ್ರೆ ಏನು ಮಾಡ್ಬೇಕು ಅಂತೀರಿ. ಆಫೀಸಲ್ಲಿ ದಿನಾ ಮಾಡೋದನ್ನೇ ಮಾಡಿ ಸ್ವಾಮಿ. ಎರಡು ಸಾವಿರದ ಟಾಸ್ಕಿಗೂ 'ಮುಗಿಯಿತು' ಅಂದ್ರೆ ಏನು ಅಂತ ಬರೆದಿಟ್ಟುಕೊಳ್ಳೋ ನಾವು, ಮೂವತ್ತು ಲಕ್ಷದ ಮನೆಗೆ "ನೀಟಾಗಿ ಮಾಡಪ್ಪ" ಅಂತ ಬಿಟ್ಟುಬಿಡ್ತೀವಿ. ಕೆಲಸ ಶುರುವಾಗೋ ಮೊದಲು ವಾಟ್ಸಾಪಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಕಳಿಸಿ: ಎಷ್ಟು ಅಡಿ, ಅಡಿಗೆ ಎಷ್ಟು, ಯಾವ ಸಾಮಾನು ಯಾರು ತರೋದು, ನೀರು ಹೊಡೆಯೋದು ಯಾರು. ಓದೋಕೆ ಬರದವನಿಗೆ ವಾಯ್ಸ್ ಮೆಸೇಜ್ ಆಗುತ್ತೆ, ಅದಕ್ಕೆ ಅವನ ಕೈಲಿ "ಹೂಂ" ಅನ್ನಿಸಿ. ಸಾಮಾನಿಗೆ ಅಡ್ವಾನ್ಸ್ ಕೊಡಬೇಡಿ, ಅಂಗಡಿಗೆ ನೀವೇ ಕೊಡಿ. ಬಟವಾಡೆಯನ್ನ ವಾರವಾರ, ಆ ವಾರ ಆದ ಕೆಲಸಕ್ಕೆ ತಕ್ಕಂತೆ ಕೊಡಿ. ಮೇಷ್ಟ್ರ ಮನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೂಲಿ ಕೊನೆಗೆ ಉಳಿದದ್ದೇ ಮೊದಲ ಎಡವಟ್ಟು.

ತಪ್ಪು ಸಿಕ್ಕಿತಾ? ಫೋಟೋ ತೆಗೆದು ಕಳಿಸಿ, ಸರಿಮಾಡೋಕೆ ದಿನ ಕೊಡಿ. ಬರಲಿಲ್ಲ ಅಂದ್ರೆ ಬೇರೆ ಮೇಸ್ತ್ರಿಯಿಂದ ಎಷ್ಟಾಗುತ್ತೆ ಅಂತ ಬರೆಸಿಕೊಂಡು, ಅಷ್ಟು ಮಾತ್ರ ಹಿಡಿದು ಉಳಿದದ್ದನ್ನ ಅವತ್ತೇ ಫೋನ್‌ಪೇ ಮಾಡಿ, ಯಾವುದಕ್ಕೆ ಎಷ್ಟು ಹಿಡಿದ್ರಿ ಅಂತ ತಿಳಿಸಿ. ಅದನ್ನ ಅವನು ಒಪ್ಪದಿದ್ರೆ ಅವನಿಗೆ 15100 ನಂಬರ್ ಕೊಡಿ. ಅದು ಕಾನೂನು ಸೇವಾ ಪ್ರಾಧಿಕಾರದ್ದು. ಕೇಸು ಹಾಕೋಕೂ ಮೊದಲೇ ಎರಡೂ ಕಡೆಯವರನ್ನ ಕೂರಿಸಿ ಮಾತಾಡಿಸ್ತಾರೆ, ಲೋಕ ಅದಾಲತ್‌ನಲ್ಲಿ ರಾಜಿಯಾದ್ರೆ ಅದಕ್ಕೆ ಸಿವಿಲ್ ಕೋರ್ಟ್ ಡಿಕ್ರಿಯಷ್ಟೇ ಬೆಲೆ. ನಿಮ್ಮ ವಿರುದ್ಧ ದೂರು ಕೊಡೋಕೆ ನೀವೇ ನಂಬರ್ ಕೊಡೋದಾ ಅಂತ ನಗು ಬರಬಹುದು. ಲೆಕ್ಕ ಸರಿ ಇದ್ದವನಿಗೆ ಅದರಲ್ಲಿ ಭಯ ಏನಿದೆ?

ಬಚ್ಚಲಮನೆ, ತಾರಸಿ ಕೆಲಸಕ್ಕೆ ಮಾತ್ರ ಸ್ವಲ್ಪ ದುಡ್ಡು ಹಿಂದೆ ಇಟ್ಟುಕೊಳ್ಳೋದು ನ್ಯಾಯವೇ, ಆದ್ರೆ ಎಷ್ಟು, ಎಲ್ಲಿವರೆಗೆ ಅಂತ ಮೊದಲೇ ಹೇಳಿ. ಬಚ್ಚಲಿಗೆ ಟೈಲ್ಸ್ ಕೂರಿಸಿದ ದಿನವೇ, ಹಾಸಿದ ಗಾರೆ ಇನ್ನೂ ಹಸಿ ಇರುವಾಗ, ಮೇಸ್ತ್ರಿಯ ಎದುರಿಗೇ ಮಟ್ಟಗೋಲು ಇಟ್ಟು ಇಳಿಜಾರು ಯಾವ ಕಡೆ ಇದೆ ನೋಡಿ. ತಾರಸಿ ಆದ್ರೆ ನೀರಿಳಿಯೋ ತೂತು ಮುಚ್ಚಿ ಎರಡು ದಿನ ನೀರು ನಿಲ್ಲಿಸಿ. ಕೆಳಗೆ ಒದ್ದೆ ಆಗಲಿಲ್ಲ ಅಂದ್ರೆ ಮೂರನೇ ದಿನ ಉಳಿದ ದುಡ್ಡು ಕೊಟ್ಟುಬಿಡಿ. ಮೇಷ್ಟ್ರ ಮನೆಯ ಇಳಿಜಾರನ್ನ ಅವತ್ತೇ ನೋಡಿದ್ರೆ ನಾಲ್ಕು ಟೈಲ್ಸ್ ಎತ್ತಿ ಕೂರಿಸೋಕೆ ಒಂದು ಗಂಟೆ ಸಾಕಿತ್ತು. ಅವರು ನೋಡಿದ್ದು ಎರಡು ವಾರ ಬಿಟ್ಟು.